ಗ್ಲೈಡರ್ ಮಾಡಿದ ಕೊಲೆ

ತನ್ನವರನ್ನು ಕೊಂದ ಖಳನನ್ನು ಸೂಪರ್‌ಹೀರೋ ಸೇಡಿಗಾಗಿ ಕೊಲ್ಲಬಹುದೇ? ಈ ಪ್ರಶ್ನೆ ಎದ್ದಾಗಲೆಲ್ಲ ಮಾತು ಬ್ಯಾಟ್‌ಮನ್ ಮತ್ತು ಜೋಕರ್ ಕಡೆ ಹೋಗುತ್ತದೆ. ನಾನು ಮಾತ್ರ 1973ಕ್ಕೆ, ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸ್‌ನ 121 ಮತ್ತು 122ನೇ ಸಂಚಿಕೆಗಳಿಗೆ ಮರಳುತ್ತೇನೆ. ಕಥೆ ಗೆರಿ ಕಾನ್ವೇ ಅವರದು, ಚಿತ್ರ ಗಿಲ್ ಕೇನ್ ಅವರದು.

ಗ್ರೀನ್ ಗಾಬ್ಲಿನ್, ಪೀಟರ್ ಪಾರ್ಕರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯಿಂದ ಕೆಳಕ್ಕೆ ಬೀಳಿಸುತ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಎಸೆದು ಅವಳ ಕಾಲು ಹಿಡಿಯುತ್ತಾನೆ. ಅವಳ ಕುತ್ತಿಗೆಯ ಪಕ್ಕ ಪುಟ್ಟ ಅಕ್ಷರಗಳಲ್ಲಿ ‘ಸ್ನ್ಯಾಪ್’ ಎಂಬ ಸದ್ದು. ಬೀಳುವಾಗಲೇ ಸತ್ತಿದ್ದಳು ಎನ್ನುತ್ತಾನೆ ಗಾಬ್ಲಿನ್. ಬಲೆ ಥಟ್ಟನೆ ತಡೆದ ರಭಸಕ್ಕೇ ಕುತ್ತಿಗೆ ಮುರಿಯಿತೆಂದು ಮುಂದೆ ಓದುಗರ ಪತ್ರಗಳ ಪುಟದಲ್ಲಿ ಪ್ರಕಾಶಕರ ಕಡೆಯಿಂದಲೇ ಉತ್ತರ ಬಂತು. ಅಂದರೆ ಕೊಂದವನ ಕೈಯ ಜೊತೆ ಕಾಪಾಡಹೋದವನ ಕೈಯೂ ಆ ಸಾವಿನಲ್ಲಿದೆ. ಪೀಟರ್ ಇದನ್ನು ಯೋಚಿಸುವುದಿಲ್ಲ, ಗಾಬ್ಲಿನ್‌ನನ್ನು ಕೊಂದೇ ತೀರುತ್ತೇನೆಂದು ಹೊರಡುತ್ತಾನೆ. ಸೇಡಿನ ಅನುಕೂಲವೇ ಇದು: ತಪ್ಪೆಲ್ಲ ಒಂದೇ ಕಡೆ ರಾಶಿ ಬೀಳುತ್ತದೆ.

ಮುಂದಿನ ಸಂಚಿಕೆಯಲ್ಲಿ ಅವನು ಗಾಬ್ಲಿನ್‌ಗೆ ಮನಬಂದಂತೆ ಹೊಡೆಯುತ್ತಾನೆ. ಇನ್ನೊಂದಿಷ್ಟು ಹೊಡೆದರೆ ಸತ್ತೇಹೋಗುತ್ತಾನೆ ಎನ್ನುವಾಗ ತಾನೇ ಬೆಚ್ಚಿ ನಿಲ್ಲಿಸುತ್ತಾನೆ. ಕಥೆ ಇಲ್ಲಿಗೇ ನಿಂತಿದ್ದರೆ ದೊಡ್ಡದಾಗುತ್ತಿತ್ತು. ಆದರೆ ಗಾಬ್ಲಿನ್ ಅವನ ಬೆನ್ನಿಗೆ ಗುರಿಯಿಟ್ಟು ತನ್ನ ಗ್ಲೈಡರ್ ಬಿಡುತ್ತಾನೆ, ಸ್ಪೈಡರ್‌ಮ್ಯಾನ್ ಪಕ್ಕಕ್ಕೆ ಸರಿಯುತ್ತಾನೆ, ಅದು ಗಾಬ್ಲಿನ್‌ನ ಎದೆಗೇ ನಾಟುತ್ತದೆ. ನಾಯಕನ ಕೈ ಶುಭ್ರ, ಓದುಗನ ಹಸಿವಿಗೂ ಊಟ. 2002ರ ಸ್ಯಾಮ್ ರೈಮಿಯ ಸಿನಿಮಾ ಈ ಉಪಾಯವನ್ನೇ ಮತ್ತೆ ಬಳಸಿತು. ಇದನ್ನು ನಾನು ಕ್ಷಮೆ ಎಂದು ಕರೆಯಲಾರೆ. ಇಲ್ಲಿ ಕೊಲೆಯನ್ನು ಯಂತ್ರಕ್ಕೆ ವಹಿಸಲಾಗಿದೆ, ಅಷ್ಟೆ. ರನ್ನನ ‘ಗದಾಯುದ್ಧ’ದಲ್ಲಿ ಭೀಮನಿಗೆ ಈ ಸೌಲಭ್ಯವಿಲ್ಲ. ದುರ್ಯೋಧನನ ತೊಡೆ ಮುರಿಯುವುದು ಅವನದೇ ಗದೆ. ಬಿದ್ದವನಿಗಾಗಿ ಮರುಗದೆ ಓದುವುದು ನಮಗೂ ಸಾಧ್ಯವಿಲ್ಲ.

ಬ್ಯಾಟ್‌ಮನ್ ಕಥೆಗಳಲ್ಲಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವನು ಸತ್ತವನೇ. 1988ರಲ್ಲಿ ಎರಡನೆಯ ರಾಬಿನ್ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಡಿಸಿ ಕಾಮಿಕ್ಸ್ ಓದುಗರಿಂದ ಫೋನ್ ಮತ ಕೇಳಿತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. (ಜೋಕರ್‌ನ ಸಹಚರರಲ್ಲಿ ಆ 5,343 ಮಂದಿಯನ್ನೂ ಸೇರಿಸಬೇಕು!) 2005ರಲ್ಲಿ ಜಡ್ ವಿನಿಕ್ ಬರೆದ ಕಥೆಯಲ್ಲಿ ಮರಳಿ ಬರುವ ಜೇಸನ್, ನನ್ನನ್ನು ಕೊಂದವನು ಇನ್ನೂ ಏಕೆ ಬದುಕಿದ್ದಾನೆ ಎಂದು ಕೇಳುತ್ತಾನೆ. ಒಮ್ಮೆ ಆ ದಾರಿಗಿಳಿದರೆ ತನಗೆ ವಾಪಸಾತಿ ಇಲ್ಲ ಎಂಬುದು ಬ್ಯಾಟ್‌ಮನ್‌ನ ಉತ್ತರದ ತಿರುಳು. ಇದು ನನಗೆ ಸಾಲದು. ಈ ಉತ್ತರ ಪೂರ್ತಿ ಅವನ ಬಗ್ಗೆಯೇ ಇದೆ. ಜೋಕರ್ ತಪ್ಪಿಸಿಕೊಂಡಾಗಲೆಲ್ಲ ಸಾಯುವ ಗೋಥಮ್‌ನ ಜನ ಅದರಲ್ಲಿಲ್ಲ. ಅಷ್ಟಾಗಿಯೂ ನಾನು ಜೇಸನ್ ಪಕ್ಷ ಸೇರುವುದಿಲ್ಲ. ಅವನು ನಿಜಕ್ಕೂ ಕೇಳುತ್ತಿರುವುದು, ನನ್ನ ಮೇಲೆ ನಿನಗೆ ಪ್ರೀತಿ ಇತ್ತೇ ಎಂದು. ಅದಕ್ಕೆ ಅವನು ಬೇಡುವ ಪುರಾವೆ ಒಂದು ಹೆಣ. ಜೋಕರ್ ಸತ್ತರೂ ಆ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ.

ಇದಕ್ಕೆ ಸಾಕ್ಷಿ 1973ರ ಕಥೆಯಲ್ಲೇ ಇದೆ. ಗಾಬ್ಲಿನ್ ಸತ್ತುಬಿದ್ದ ಮೇಲೆ ಪೀಟರ್‌ಗೆ ಸಮಾಧಾನವಾಗುವುದಿಲ್ಲ, ಒಳಗೆಲ್ಲ ಬರಿದಾದ ಹಾಗೆನಿಸುತ್ತದೆ. ಮನೆಗೆ ಬಂದರೆ ಅಲ್ಲಿ ಮೇರಿ ಜೇನ್. ಸಿಟ್ಟನ್ನೆಲ್ಲ ಅವಳ ಮೇಲೆ ಕಾರಿ, ಹೋಗು ಎನ್ನುತ್ತಾನೆ. ಅವಳು ಬಾಗಿಲವರೆಗೆ ಹೋಗುತ್ತಾಳೆ, ನಿಲ್ಲುತ್ತಾಳೆ, ಒಳಗೇ ಉಳಿದು ಬಾಗಿಲು ಮುಚ್ಚುತ್ತಾಳೆ.