ವಿಕಿಪಾಠವೂ ಯಂತ್ರಲಿಪಿಕಾರನೂ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪ್ರತಿ ಪುಟಕ್ಕೂ ‘ಇತಿಹಾಸ’ವುಂಟು, ಯಾರು, ಎಂದು, ಏನನ್ನು ತಿದ್ದಿದರೆಂಬುದು ಅಲ್ಲಿ ದಾಖಲಾಗಿರುತ್ತದೆ. ಓಲೆಗರಿಯ ಪ್ರತಿಗಳಲ್ಲಿ ನಮಗೆ ಇಂಥ ಸೌಕರ್ಯವಿಲ್ಲ. 2024ರಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಸಂಪರ್ಕವಿಧಾನದ ಮೂಲಕ ಕೃತಕ ಬುದ್ಧಿಮತ್ತೆಯ ಸಹಾಯಕಗಳು ವಿಕಿಪುಟಗಳನ್ನು ಓದಲೂ ತಿದ್ದಲೂ ಬಲ್ಲವು. ಓದುವುದರಿಂದ ಪಾಠಕ್ಕೆ ಹಾನಿಯಿಲ್ಲ. ತಿದ್ದುವುದು ಬೇರೆಯ ಮಾತು. ವಿಕಿಯಿಂದ ಕಲಿತುದನ್ನೇ ಯಂತ್ರವು ವಿಕಿಗೆ ಮರಳಿ ಬರೆದರೆ ಪ್ರಕ್ಷಿಪ್ತವೇ ಮೂಲಪಾಠವೆನಿಸೀತು. ಇತಿಹಾಸದ ಪುಟವು ಖಾತೆಯ ಹೆಸರನ್ನು ಹೇಳುತ್ತದೆ. ಆಕರವನ್ನು ಓದಿದವರುಂಟೇ ಎಂಬುದನ್ನು ಹೇಳದು. ಇಂಗ್ಲಿಷ್ ವಿಕಿಪೀಡಿಯವು ಪರಿಶೀಲನೆಯಿಲ್ಲದ ಯಂತ್ರಲೇಖನಗಳನ್ನು ತ್ವರಿತವಾಗಿ ಅಳಿಸುವ ನಿಯಮವನ್ನು 2025ರಲ್ಲಿ ಅಂಗೀಕರಿಸಿತು. ಅಲ್ಲಿ ಪರಿಶೋಧಕರು ಅನೇಕರು, ಕನ್ನಡದಲ್ಲಿ ವಿರಳ. ಆದುದರಿಂದ ಯಂತ್ರವು ತಿದ್ದುಪಡಿಯನ್ನು ಚರ್ಚಾಪುಟದಲ್ಲಿ ಸೂಚಿಸಲಿ. ಆಕರವನ್ನು ಕಣ್ಣಾರೆ ಕಂಡವರೇ ಅದನ್ನು ಪಾಠಕ್ಕೆ ಸೇರಿಸಲಿ ಎಂಬುದು ನಮ್ಮ ಮತ.