ನಿದ್ದೆಗೊಂದು ಕಾಲಂ ಇಲ್ಲ

‘ಕೂಸು ರಾತ್ರಿ ಕಣ್ಣೇ ಮುಚ್ಚಂಗಿಲ್ರಿ.’ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತಾಯಂದಿರ ಈ ದೂರನ್ನು ಬರೆದುಕೊಳ್ಳಲು ಮಕ್ಕಳ ಆರೋಗ್ಯ ತಪಾಸಣೆಯ ನಮ್ಮ ಫಾರಂನಲ್ಲಿ ಜಾಗವಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಒಳ್ಳೆಯ ಯೋಜನೆಯೇ. ಅದರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು 30 ಬಗೆಯ ತೊಂದರೆಗಳನ್ನು ಹುಡುಕಬೇಕು. ಡೌನ್ ಸಿಂಡ್ರೋಮ್, ಆಟಿಸಂ, ಫಿಟ್ಸ್ ಎಲ್ಲವೂ ಪಟ್ಟಿಯಲ್ಲಿವೆ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಕಾಡುವ ನಿದ್ದೆಯ ತೊಂದರೆ ಮಾತ್ರ ಇಲ್ಲ.

ಫಾರಂನಲ್ಲಿ ಸೇರದ ದೂರು ಬೇರೆ ದಾರಿ ಹಿಡಿಯುತ್ತದೆ. ‘ಗಾಳಿ ಹಿಡದದ’ ಎಂದರೆ ತಾಯತ, ಇಲ್ಲವೇ ಗಾಣಗಾಪುರದ ದೇಗುಲ. ಅದೂ ಆಗದಿದ್ದರೆ ಮಗುವನ್ನು ಮಲಗಿಸಲು ಔಷಧದಂಗಡಿಯ ನೆಗಡಿ ಸಿರಪ್. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಾಗ ನಾಡೇ ಬೆಚ್ಚಿಬಿತ್ತು. ದಿನಾ ರಾತ್ರಿ ಕುಡಿಸುವ ಒಂದು ಚಮಚ ಸಿರಪ್‌ಗೆ ಯಾರೂ ಬೆಚ್ಚುವುದಿಲ್ಲ. ನನಗಂತೂ ತಾಯತಕ್ಕಿಂತ ಇದೇ ಕೆಟ್ಟದ್ದು. ಡೌನ್ ಸಿಂಡ್ರೋಮ್ ಇರುವ ಮಗು ಗೊರಕೆ ಹೊಡೆಯುತ್ತಾ, ನಡುವೆ ಉಸಿರುಕಟ್ಟಿ, ತಲೆ ಹಿಂದಕ್ಕೆ ಚಾಚಿ ಗಾಳಿಗಾಗಿ ಒದ್ದಾಡುತ್ತಿರಬಹುದು. ಮಂಪರು ಬರಿಸುವ ಔಷಧ ಅಲ್ಲಿ ಅಪಾಯ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಸೆಟೆದ ಕಾಲಿನ ನೋವಿರಬಹುದು, ಮಲಬದ್ಧತೆ ಇರಬಹುದು. ಕೆಲವರಿಗೆ ಫಿಟ್ಸ್ ಬರುವುದೇ ನಿದ್ದೆಯಲ್ಲಿ. ಸಿರಪ್ ಇದನ್ನೆಲ್ಲ ಮರೆಮಾಚುತ್ತದೆ. ಇಂಥ ಸಿರಪ್‌ಗಳಲ್ಲಿನ ಒಂದು ಸಾಮಾನ್ಯ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಸೂಚಿಸಿದ್ದಾರೆ.

ಹಾಗೆಂದು ಪುಸ್ತಕದ ಸಲಹೆಯೂ ಇಲ್ಲಿ ನಡೆಯದು. ಮಗುವಿಗೆ ಬೇರೆ ಕೋಣೆ, ಕತ್ತಲು, ತಂಪು ಬೇಕಂತೆ! ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗುವಲ್ಲಿ, ಬೇಸಿಗೆಯಲ್ಲಿ 42 ಡಿಗ್ರಿ ದಾಟಿ ಎಲ್ಲರೂ ಮಾಳಿಗೆ ಹತ್ತುವಲ್ಲಿ ಇದನ್ನು ಯಾರಿಗೆ ಹೇಳುವುದು? ಇಂಥ ಮನೆಯಲ್ಲಿ ಕೈಗೆಟುಕುವುದು ಏಳುವ ಹೊತ್ತು ಮಾತ್ರ. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಮನೆಯೆಲ್ಲ ಎದ್ದಾಗ ಮಗುವನ್ನೂ ಎಬ್ಬಿಸಿ ಬಿಸಿಲಿಗೆ ಕೂರಿಸಿದರೆ ರಾತ್ರಿಯ ನಿದ್ದೆಯೂ ಕ್ರಮೇಣ ಬೇಗ ಹತ್ತುತ್ತದೆ. ಆದರೆ ರಾತ್ರಿಯಿಡೀ ಎಚ್ಚರವಿದ್ದ ತಾಯಿ, ಆಗಷ್ಟೇ ಮಲಗಿದ ಮಗುವನ್ನು ಎಬ್ಬಿಸಲು ಹೇಗೆ ಮನಸ್ಸು ಮಾಡಿಯಾಳು? ಅದಕ್ಕೇ ಸಲಹೆಯ ಜೊತೆಗೆ ರಾತ್ರಿಪಾಳಿ ಹಂಚಿಕೊಳ್ಳಲು ಅಪ್ಪನಿಗೂ ಅಜ್ಜಿಗೂ ಹೇಳಬೇಕು.

ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಅಲ್ಲಿಗೆ ಕಳಿಸಲು ಮೊದಲು ಯಾರಾದರೂ ಕೇಳಬೇಕಲ್ಲ? ಮಗು ಗೊರಕೆ ಹೊಡೆಯುತ್ತದೆಯೇ, ನಿದ್ದೆಯಲ್ಲಿ ಕೈಕಾಲು ಅದುರುತ್ತವೆಯೇ, ನೋವಿಗೆ ಅಳುತ್ತದೆಯೇ? ಆರೋಗ್ಯ ಇಲಾಖೆ ಈ ಮೂರು ಪ್ರಶ್ನೆಗಳನ್ನು ಫಾರಂಗೆ ಸೇರಿಸಲಿ.