ಎಣ್ಣೆ ಮೆತ್ತಿದ ಹಕ್ಕಿಗೆ ಸೋಪೊಂದೇ ಸಾಕೆ?

ಎಣ್ಣೆ ಮೆತ್ತಿದ ಹಕ್ಕಿಯನ್ನು ಸೋಪುನೀರಿನಲ್ಲಿ ಮೀಯಿಸುವ ಚಿತ್ರ ನೀವು ನೋಡಿರಬಹುದು. ಅದು ಹೇಳದೆ ಬಿಡುವುದೇ ಹೆಚ್ಚು. 2023ರ ಡಿಸೆಂಬರಿನಲ್ಲಿ ಚೆನ್ನೈ ಬಳಿಯ ಎಣ್ಣೂರು ಅಳಿವೆಯಲ್ಲಿ ಹೆಜ್ಜಾರ್ಲೆಗಳಿಗೆ ಎಣ್ಣೆ ಮೆತ್ತಿತ್ತು. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಿಗೆ ಕಡಲಿಲ್ಲ, ನಿಜ. ಆದರೆ ಸವದತ್ತಿಯ ನವಿಲುತೀರ್ಥ ಜಲಾಶಯದಲ್ಲಿ ನೀರುಹಕ್ಕಿಗಳಿವೆ. ರಸ್ತೆ ಕಾಮಗಾರಿಯ ಡಾಂಬರು ಎಲ್ಲೆಡೆ ಇದೆ.

ಗರಿಯ ಎಳೆಗಳು ಸೂಕ್ಷ್ಮ ಕೊಕ್ಕೆಗಳಿಂದ ಹೆಣೆದುಕೊಂಡು ನೀರನ್ನು ತಡೆಯುತ್ತವೆ, ಬೆಚ್ಚಗಿನ ಗಾಳಿಯನ್ನು ಹಿಡಿದಿಡುತ್ತವೆ. ಎಣ್ಣೆ ಈ ಹೆಣಿಗೆಯನ್ನು ಕೆಡಿಸುತ್ತದೆ. ಹಕ್ಕಿ ಚಳಿಗೆ ಸೊರಗುತ್ತದೆ. ಗರಿ ತೀಡುತ್ತಾ ವಿಷವನ್ನೂ ನುಂಗುತ್ತದೆ. ಆಗಲೇ ತೊಳೆದರೆ ಆ ಆಘಾತದಿಂದಲೇ ಸಾಯಬಹುದು! ಚಿತ್ರದ ದೊಡ್ಡ ತಪ್ಪು ಇದೇ. ಮೊದಲು ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಕತ್ತಲೆ, ಬೆಚ್ಚನೆ. ಜೊತೆಗೆ ಅರಣ್ಯ ಇಲಾಖೆಗೆ ಸುದ್ದಿ. ಚೇತರಿಸಿದ ಮೇಲೆ ತಜ್ಞರು ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ತೊಳೆಯುತ್ತಾರೆ. ಡಾಂಬರಾದರೆ ಮೊದಲು ಅಡುಗೆ ಎಣ್ಣೆ ಸವರಿ ಮೆದು ಮಾಡುತ್ತಾರೆ. ಸೀಮೆಎಣ್ಣೆ ಮಾತ್ರ ಬೇಡ, ಚರ್ಮ ಸುಡುತ್ತದೆ.

ತೊಳೆಯುವುದಕ್ಕಿಂತ ಜಾಲಿಸುವುದೇ ದೊಡ್ಡ ಕೆಲಸ. ಸೋಪು ಉಳಿದರೂ ಗರಿ ನೀರು ಹೀರುತ್ತದೆ. ತರಗತಿಯಲ್ಲಿ ಕೋಳಿಯ ಗರಿಯೊಂದನ್ನು ಎಣ್ಣೆಯಲ್ಲಿ ಅದ್ದಿ, ಸೋಪುನೀರಿನಲ್ಲಿ ತೊಳೆದು, ಅರೆಬರೆ ಜಾಲಿಸಿ ಒಣಗಿಸಿ. ಮೇಲೆ ಹನಿ ನೀರು ಬಿಟ್ಟು ನೋಡಿ.